ಸಹಾಯ ಬೇಕು: ಸೂರ್ಯಕಾಂತಿ ತೆನೆಯ ಮೇಲೆ ಜೇನು ಹಿಡಿಯುವ ಕೆಂಪು-ಕಪ್ಪು ತಿಗಣೆ

ಹೂ ಅರಳಿದ ಸೂರ್ಯಕಾಂತಿಯಲ್ಲಿ ಅಸಾಸಿನ್ ಬಗ್ ಎಂಬ ಬೇಟೆಗಾರ ತಿಗಣೆ (ರೈನೋಕೋರಿಸ್ ಜಾತಿ) ಕೂತು ಜೇನುಹುಳುಗಳನ್ನು ಹಿಡಿಯುತ್ತಿದೆ. ಹತ್ತಿಯ ಕೆಂಪು ತಿಗಣೆ ಅಲ್ಲ. ಅದರ ಸೊಂಡಿಲು ನೀಳ, ನಾಲ್ಕು ಗೆಣ್ಣಿನದು. ಇದರದ್ದು ಗಿಡ್ಡ, ಬಾಗಿದ, ಮೂರು ಗೆಣ್ಣಿನದು. ಚುಚ್ಚಿ ಜೊಲ್ಲು ಬಿಟ್ಟು, ಒಳಗಿನದು ಕರಗಿದ ಮೇಲೆ ಹೀರುತ್ತದೆ. ಹೂವಿನ ಕೆಳಗೆ ಜೇನಿನ ಒಣ ಚಿಪ್ಪು ಬಿದ್ದಿದ್ದರೆ ಇದನ್ನೂ ಹುಡುಕಬೇಕು.

ತೊಡಕು ಇಷ್ಟೇ: ತೆನೆ ಕೊರೆಯುವ ಹೆಲಿಕೋವರ್ಪಾ ಹುಳುವನ್ನೂ ಇದೇ ತಿನ್ನುತ್ತದೆ. ಔಷಧಿ ಹೊಡೆದರೆ ತಿಗಣೆಯ ಜೊತೆ ಜೇನೂ ಸಾಯುತ್ತದೆ, ಕಾಳು ಜೊಳ್ಳಾಗುತ್ತದೆ. ಹಾಗಾಗಿ ಸಿಂಪರಣೆಯ ಸಲಹೆ ದಯವಿಟ್ಟು ಬೇಡ.

ಬೆಳಗ್ಗೆ ಚಳಿಗೆ ಜಡವಾಗಿರುವಾಗ ಅಗಲ ಬಾಯಿಯ ಬಾಟಲಿಗೆ ಕುಂಚದಿಂದ ತಳ್ಳಿ, ಹೂ ಬಿಡದ, ಕಂಬಳಿಹುಳು ಇರುವ ತಾಕಿಗೆ ಬಿಡುವ ಯೋಚನೆ ಇದೆ. ಬರಿಗೈ ಬೇಡ, ಕಡಿತ ತುಂಬಾ ಉರಿಯುತ್ತದೆ. ಒಂದೇ ಬಾಟಲಿಗೆ ಹಲವು ಹಾಕಿದರೆ ಒಂದನ್ನೊಂದು ತಿನ್ನುತ್ತವೆ.

ಹೀಗೆ ಸಾಗಿಸಿದವರು ಯಾರಾದರೂ ಇದ್ದೀರಾ? ಎಷ್ಟು ದೂರ ಬಿಟ್ಟರೆ ಮರಳಿ ಬರುವುದಿಲ್ಲ? ಎಲೆಯಡಿ ಕಂದು ಮೊಟ್ಟೆಗುಂಪು ಕಂಡರೆ ಎಲೆ ಸಮೇತ ಸಾಗಿಸಬಹುದೇ? ಬೆಳೆ, ಹೂವಿನ ಹಂತ, ಹತ್ತು ಗಿಡಕ್ಕೆ ಎಷ್ಟು ತಿಗಣೆ ಇದ್ದವು ಎಂಬುದನ್ನು ಸೇರಿಸಿ ಬರೆಯಿರಿ.