ಪ್ರಶ್ನೋತ್ತರ: ಕೆರೆ ಹೂಳಿನ ಲೆಕ್ಕಕ್ಕೆ ಮಾಮೂಲಿ ಡ್ರೋನ್ ಸಾಕಾ?

ಪ್ರಶ್ನೆ: ನಮ್ಮದು ತುಮಕೂರು ಕಡೆಯ ಹಳ್ಳಿ. ಊರವರೇ ದುಡ್ಡು ಹಾಕಿ ಈ ಬೇಸಿಗೆ ಕೆರೆ ಹೂಳು ತೆಗೆಸುತ್ತಿದ್ದೇವೆ. ಅಂಗಳ ಸುಮಾರು 10 ಎಕರೆ. ಟಿಪ್ಪರ್ ಲೆಕ್ಕ ಒಂದನ್ನೇ ನಂಬದೆ, ಎಷ್ಟು ಮಣ್ಣು ಹೋಯಿತು ಅಂತ ಡ್ರೋನ್ ಸರ್ವೆಯಿಂದಲೂ ತಿಳಿಯಬೇಕು ಅಂತಿದ್ದೇವೆ. ಸ್ನೇಹಿತರೊಬ್ಬರ ಹತ್ತಿರ ಫ್ಯಾಂಟಮ್ 4 ಪ್ರೊ ಇದೆ. ಆರ್‌ಟಿಕೆ ಡ್ರೋನ್ (ಹಾರುತ್ತಲೇ ತನ್ನ ಜಾಗವನ್ನು ಸೆಂಟಿಮೀಟರ್ ಮಟ್ಟದಲ್ಲಿ ಅಳೆದುಕೊಳ್ಳುವಂಥದ್ದು) ಇಲ್ಲದೆ ಆಗಲ್ಲ ಅಂತ ಕೆಲವರು ಹೇಳುತ್ತಾರೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಬೇರೆ ದಾರಿ ಇದೆಯಾ?

ಉತ್ತರ (ಸರ್ವೇಯರ್): ಖಂಡಿತ ಇದೆ. ಇರುವ ಡ್ರೋನೇ ಸಾಕು. ದುಡ್ಡನ್ನು ನೆಲದ ಗುರುತುಗಳಿಗೆ, ಅಂದರೆ ಜಾಗ, ಎತ್ತರ ಅಳೆದಿಟ್ಟ, ಫೋಟೊದಲ್ಲಿ ಕಾಣುವ ಗುರುತುಗಳಿಗೆ ಹಾಕಿ.

ಮೊದಲು ಒಂದು ಲೆಕ್ಕ ನೋಡಿ. 10 ಎಕರೆ ಅಂದರೆ ಸುಮಾರು 40,500 ಚದರ ಮೀಟರ್. ಇಡೀ ಅಂಗಳದ ಎತ್ತರ ಬರೀ 5 ಸೆಂ.ಮೀ. ತಪ್ಪಾಗಿ ಬಂದರೂ 2,000 ಘನ ಮೀಟರ್ ಏರುಪೇರಾಗುತ್ತದೆ. 10 ಘನ ಮೀಟರಿನ ಟಿಪ್ಪರ್ ಆದರೆ 200 ಲೋಡು! ಹಾಗಾಗಿ ನಿಮಗೆ ಎತ್ತರವೇ ಮುಖ್ಯ. ಇಡೀ ನಕ್ಷೆ ಭೂಪಟದಲ್ಲಿ ನಾಲ್ಕು ಮೀಟರ್ ಪಕ್ಕಕ್ಕೆ ಕೂತರೂ ನಷ್ಟವಿಲ್ಲ. ತೆಗೆಯುವ ಮುಂಚೆ, ತೆಗೆದ ಮೇಲೆ, ಎರಡು ಸಲವೂ ಅದೇ ಜಾಗದಲ್ಲಿ ಕೂರಬೇಕು, ಅಷ್ಟೆ.

ಅದಕ್ಕೆ ಅಲುಗಾಡದ ಗುರುತುಗಳು ಬೇಕು. ತೂಬಿನ ಕಲ್ಲು, ಕೋಡಿಯ ಕಟ್ಟೆ ಇವೆಯಲ್ವಾ? ಅವುಗಳ ಮೇಲೆ ಕಪ್ಪು-ಬಿಳಿ ಬಣ್ಣದಲ್ಲಿ ಗುರುತು ಹಾಕಿ. ಆಚೆ ದಡದಲ್ಲಿ, ಜೆಸಿಬಿ ಹೋಗದ ಕಡೆ, ಮೂರು ನಾಲ್ಕು ಕಲ್ಲು ಕಾಂಕ್ರೀಟಿನಲ್ಲಿ ನೆಡಿ. ಅಂಗಳದ ನಡುವೆ ಕಲ್ಲು ಉಳಿಯಲ್ಲ. ಅಲ್ಲಿ ಪ್ರತಿ ಸಲ 60 ಸೆಂ.ಮೀ. ಚೌಕದ ಫ್ಲೆಕ್ಸ್ ಬೋರ್ಡ್ ಹಾಸಿ, ನಾಲ್ಕು ಮೂಲೆಗೂ ಮೊಳೆ ಹೊಡೆದು, ಹೊಸದಾಗಿ ಅಳೆಯಿರಿ. ಒಟ್ಟು 10 ಗುರುತು ಇದ್ದರೆ ಚೆನ್ನ.

ಅಳೆಯೋಕೆ ಒಂದು ದಿನದ ಮಟ್ಟಿಗೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಯಂತ್ರ) ಮತ್ತು ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ಯಂತ್ರ) ಬಾಡಿಗೆಗೆ ತನ್ನಿ. ತೂಬಿನ ಕಲ್ಲಿಗೆ 800.000 ಮೀಟರ್ ಅಂತ ನಾವೇ ಒಂದು ಎತ್ತರ ಕೊಟ್ಟು, ಅಲ್ಲಿಂದ ಲೆವೆಲ್ ಓಡಿಸಿ, ಅಂದರೆ ಒಂದೊಂದೇ ಗುರುತಿನ ಎತ್ತರ ಅಳೆಯುತ್ತಾ ಹೋಗಿ, ವಾಪಸ್ ಅದೇ ಕಲ್ಲಿಗೆ ಬಂದು ಮುಗಿಸಿ. ಕೊನೆಯ ರೀಡಿಂಗ್ ಒಂದು ಸೆಂಟಿಮೀಟರ್ ಒಳಗೆ ಕೂಡಿಬಂದರೆ ಮುಂದಕ್ಕೆ ಹೋಗಿ. ಅದಕ್ಕಿಂತ ಜಾಸ್ತಿ ತಪ್ಪಿದರೆ ಆಗಲೇ ಮತ್ತೆ ಓಡಿಸಿ, ನಾಳೆಗೆ ಬಿಡಬೇಡಿ. ಟೋಟಲ್ ಸ್ಟೇಷನ್‌ಗೆ ಎರಡು ಕಲ್ಲಿನ ಸುಮಾರು ಯುಟಿಎಂ ಲೆಕ್ಕವನ್ನು (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ) ಮೊಬೈಲಿನಿಂದ ಕೊಟ್ಟರೆ ಸಾಕು. ನಿಮ್ಮ ಕಡೆಗೆ ಅದು ವಲಯ 43. ಒಂದು ಸಲ ಕೊಟ್ಟ ಅಂಕಿಯನ್ನು ಎರಡನೇ ಸಲ ಬದಲಾಯಿಸಬೇಡಿ.

ಹಾರಾಟದ ವಿಷಯ. 60 ಮೀಟರ್ ಎತ್ತರದಲ್ಲಿ ನಿಮ್ಮ ಡ್ರೋನಿನ ಒಂದು ಪಿಕ್ಸೆಲ್ ನೆಲದಲ್ಲಿ ಸುಮಾರು 1.6 ಸೆಂ.ಮೀ. ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70 ಒಂದರ ಮೇಲೊಂದು ಬರುವ ಹಾಗೆ ಫೋಟೊ ಇರಲಿ. ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ನೇರ ಕೆಳಕ್ಕೆ ತೆಗೆದ ಮೇಲೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಅಡ್ಡಲಾಗಿ ಇನ್ನೊಂದು ಸುತ್ತು ಹಾರಿಸಿ. ಇದನ್ನು ಬಿಟ್ಟರೆ ಲೆನ್ಸಿನ ವಕ್ರತೆ, ಫೋಟೊಗಳಿಂದ ಕಂಪ್ಯೂಟರ್ ಕಟ್ಟುವ ನೆಲದ 3ಡಿ ಮಾದರಿಗೆ ಇಳಿಯುತ್ತದೆ. ಸಪಾಟು ಅಂಗಳ ಮಗುಚಿಟ್ಟ ತಟ್ಟೆಯ ಹಾಗೆ ನಡುವೆ ಉಬ್ಬಿಯೋ ತಗ್ಗಿಯೋ ಬರುತ್ತದೆ.

ಫೋಟೊ ಸೇರಿಸಿ ಮಾದರಿ, ಎತ್ತರದ ನಕ್ಷೆ ಮಾಡುವ ಓಪನ್ ಡ್ರೋನ್ ಮ್ಯಾಪ್ ಮತ್ತು ನಕ್ಷೆಗಳನ್ನು ಹೋಲಿಸುವ ಕ್ಯೂಜಿಐಎಸ್, ಎರಡೂ ಸಾಫ್ಟ್‌ವೇರ್ ಉಚಿತ. 16 ಜಿಬಿ ರ‍್ಯಾಮ್ ಇದ್ದರೆ ಸುಮಾರು 250 ಫೋಟೊ ತಡೆಯುತ್ತದೆ, ನೇರ ಸುತ್ತಿಗೆ ಅಷ್ಟು ಸಾಕು. ಓರೆ ಸುತ್ತೂ ಸೇರಿದರೆ 32 ಜಿಬಿ ಇರುವ ಯಂತ್ರ ಹುಡುಕಿ. ಕಾಲೇಜಿನ ಲ್ಯಾಬಿನಲ್ಲಿ ಕೇಳಿ ನೋಡಬಹುದು. ಆಮೇಲೆ ಮೊದಲಿನ ಎತ್ತರದ ನಕ್ಷೆಯಿಂದ ಎರಡನೆಯದನ್ನು ಕ್ಯೂಜಿಐಎಸ್‌ನಲ್ಲಿ ಕಳೆಯಿರಿ, ಎಲ್ಲೆಲ್ಲಿ ಎಷ್ಟು ಆಳ ಮಣ್ಣು ಹೋಯಿತು ಅಂತ ಸಿಗುತ್ತದೆ.

ಅಳೆದ 10ರಲ್ಲಿ ಮೂರು ಗುರುತನ್ನು ಸಾಫ್ಟ್‌ವೇರ್‌ಗೆ ಕೊಡಬೇಡಿ. ಕೆಲಸ ಮುಗಿದ ಮೇಲೆ ನಕ್ಷೆಯಲ್ಲಿ ಅವುಗಳ ಎತ್ತರ ಓದಿ, ಲೆವೆಲ್ ಪುಸ್ತಕದ ಜೊತೆ ಹೋಲಿಸಿ. ನಿಜವಾದ ತಪ್ಪು ಎಷ್ಟು ಅಂತ ಹೇಳುವುದು ಅದೊಂದೇ. ಸಾಫ್ಟ್‌ವೇರ್ ಕೊಡುವ ರಿಪೋರ್ಟಿನಲ್ಲಿ ತಪ್ಪು ಅಂತ ಬರುವ ಸಣ್ಣ ಅಂಕಿ, ಸಾಫ್ಟ್‌ವೇರ್ ನಾವು ಕೊಟ್ಟ ಗುರುತಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಅನ್ನುವುದು ಮಾತ್ರ.

ನನ್ನ ಮೊದಲ ಕೆರೆ ಕೆಲಸದಲ್ಲಿ ಅಂಗಳದಲ್ಲಿ ಕೆಸರಿತ್ತು. ಕಾಲು ಹೂತುಹೋಗುತ್ತೆ ಅಂತ ಎಲ್ಲ ಗುರುತನ್ನೂ ಏರಿಯ ಮೇಲೆ ಸಾಲಾಗಿ ಹಾಕಿಬಿಟ್ಟೆ. ರಿಪೋರ್ಟ್ ಬಹಳ ಚೆನ್ನಾಗಿ ಬಂತು. ಆದರೆ ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ ಇಡೀ ಮಾದರಿ ಏರಿಯ ಗೆರೆಯ ಮೇಲೆ ವಾಲಿತ್ತು. ಆಚೆ ದಡದಲ್ಲಿ ಸ್ಟಾಫ್ (ಲೆವೆಲ್‌ನಿಂದ ಓದುವ ಅಳತೆ ಕೋಲು) ಹಿಡಿದಾಗಲೇ ಗೊತ್ತಾಗಿದ್ದು, ಒಂದು ಗೇಣು ತಪ್ಪು. ಕೆಲಸವನ್ನೆಲ್ಲ ಮತ್ತೆ ಮಾಡಿಕೊಟ್ಟೆ. ದಯವಿಟ್ಟು ಕೆಸರಿಗೆ ಇಳಿಯಿರಿ.

ಇನ್ನೊಬ್ಬರು: ಟೋಟಲ್ ಸ್ಟೇಷನ್ ಯಾಕೆ ಸಾರ್, ಮೊಬೈಲ್ ಜಿಪಿಎಸ್‌ನಲ್ಲೇ ಗುರುತು ತಗೊಂಡರೆ ಆಗಲ್ವಾ?

ಉತ್ತರ: ಆಗಲ್ಲ. ಮೊಬೈಲಿನ ತಪ್ಪು ಮೀಟರ್‌ಗಳಲ್ಲಿ ಇರುತ್ತದೆ, ಎತ್ತರದಲ್ಲಿ ಇನ್ನೂ ಜಾಸ್ತಿ. ಅದನ್ನು ಗುರುತು ಅಂತ ಕೊಟ್ಟರೆ ಚೆನ್ನಾಗಿದ್ದ ಮಾದರಿಯನ್ನೂ ಎಳೆದು ಕೆಡಿಸುತ್ತದೆ. ಪದೇ ಪದೇ ಈ ಕೆಲಸ ಇರುವವರು ಜ಼ಡ್‌ಇಡಿ-ಎಫ್9ಪಿ ಚಿಪ್ ಇರುವ ಜಿಪಿಎಸ್ ರಿಸೀವರ್ ನೋಡಿ. ಕಡಿಮೆ ದುಡ್ಡಿಗೆ ಸೆಂಟಿಮೀಟರ್ ಮಟ್ಟದ ಅಳತೆ ಸಿಗುತ್ತದೆ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಓಡುವ ಜಿಪಿಎಸ್ ಕೇಂದ್ರಗಳು) ಕರ್ನಾಟಕದಲ್ಲೂ ಇದೆ, ಅಳತೆಯ ತಪ್ಪು ಸರಿಪಡಿಸುವ ತಿದ್ದುಪಡಿ ಅಲ್ಲಿಂದ ಪಡೆಯಬಹುದು. ಆದರೆ ಈ ರಿಸೀವರ್ ಕೊಡುವ ಎತ್ತರ ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಕಟ್ಟಿದ ನುಣುಪಾದ ಮೈ) ಮೇಲಿನದು. ನಮ್ಮ ಕಡೆ ಸಮುದ್ರಮಟ್ಟದ ಲೆಕ್ಕಕ್ಕಿಂತ ಎಂಬತ್ತು ಚಿಲ್ಲರೆ ಮೀಟರ್ ಕಡಿಮೆ ತೋರಿಸುತ್ತದೆ. ಗಾಬರಿ ಆಗಬೇಡಿ. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಬೇಡಿ.

ಕೇಳಿದವರು: ತುಂಬ ಉಪಕಾರ. ಒಂದು ಮೂಲೆಯಲ್ಲಿ ಜೊಂಡು, ಜಾಲಿ ಬೆಳೆದಿದೆ. ಅನುಮತಿ ಏನಾದರೂ ಬೇಕಾ?

ಉತ್ತರ: ಫೋಟೊಗೆ ಜೊಂಡಿನ ತುದಿ ಕಾಣುತ್ತದೆ, ನೆಲ ಕಾಣಲ್ಲ. ಹಾಗೇ ಬಿಟ್ಟರೆ ಜೊಂಡಿನ ಎತ್ತರವೂ ಹೂಳಿನ ಲೆಕ್ಕಕ್ಕೆ ಸೇರುತ್ತದೆ. ಮೊದಲ ಹಾರಾಟಕ್ಕೆ ಮುಂಚೆಯೇ ಕತ್ತರಿಸಿ, ಇಲ್ಲವಾದರೆ ಆ ಮೂಲೆಯನ್ನು ಸ್ಟಾಫ್ ಹಿಡಿದು ಅಳೆಯಿರಿ. ನಿಂತ ನೀರಿದ್ದರೆ ಅಲ್ಲೂ ಹಾಗೇ ಮಾಡಿ.

2021ರ ಡ್ರೋನ್ ನಿಯಮದಲ್ಲಿ ನಿಮ್ಮದು ಮೈಕ್ರೋ ವರ್ಗ, 250 ಗ್ರಾಂ ಮೇಲೆ, 2 ಕೆ.ಜಿ. ಒಳಗೆ. ನೋಂದಣಿ ಬೇಕು. ದುಡ್ಡಿಗೆ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರವೂ ಬೇಕು. ನಿಮ್ಮ ಊರು ಹಸಿರು ವಲಯದಲ್ಲಿ (ಹಾರಿಸಲು ಮುಂಗಡ ಅನುಮತಿ ಬೇಡದ ಕಡೆ) ಇದೆಯಾ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು ಈಗಲೇ ಊರವರಿಗೆ ಹೇಳಿಡಿ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಮಣ್ಣಿನ ಗುಣ ನೋಡಿ ಶೇ. 20ರಿಂದ 40 ಜಾಸ್ತಿ. ಟಿಪ್ಪರ್ ತೋರಿಸುವುದು ಉಬ್ಬಿದ ಮಣ್ಣು, ಡ್ರೋನ್ ತೋರಿಸುವುದು ನೆಲದಲ್ಲಿ ಆದ ಗುಂಡಿ. ಎರಡು ಅಂಕಿ ಬೇರೆ ಬಂದ ಮಾತ್ರಕ್ಕೆ ಟಿಪ್ಪರಿನವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. ಗುರುತು ಎಲ್ಲೆಲ್ಲಿ ಹಾಕುತ್ತೀರಿ ಅಂತ ಒಂದು ಕೈನಕ್ಷೆ ಬರೆದು ಇಲ್ಲಿ ಹಾಕಿ. ಹಾರಿಸುವ ಮುಂಚೆ ನೋಡಿ ಹೇಳುತ್ತೇನೆ.