ಆ್ಯಂಗ್ರಿ ಆದ ಮೇಲೆ ಆನ್ ಯಾಕೆ ಬರೋದಿಲ್ಲ?

ಪೀಣ್ಯದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಗಾರ್ಮೆಂಟ್ಸ್‌ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಈಗ ದಿನಾ ಬಯರ್‌ಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಶರ್ಟಿನ ಕಾಲರ್ ಹೊಲಿಗೆ ಸರಿಯಿಲ್ಲ ಅಂತ ಹೋದ ವಾರ ಒಬ್ಬರು ಬರೆದಿದ್ದರು. ನಾನು ‘ವಿ ಆರ್ ಸಾರಿ ಫಾರ್ ಯು, ಪ್ಲೀಸ್ ಡೋಂಟ್ ಬಿ ಆ್ಯಂಗ್ರಿ ಆನ್ ಅಸ್’ ಎಂದು ಬರೆದೆ. ಮ್ಯಾನೇಜರ್ ಎರಡು ಕಡೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಯಾಕೆ ತಪ್ಪು ಅಂತ ಹೇಳಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಆಫ್, ವಿತ್, ಅಬೌಟ್, ಇವುಗಳಿಗೆ ಏನಾದರೂ ಸೂತ್ರ ಇದೆಯಾ? ಪಟ್ಟಿ ಬಾಯಿಪಾಠ ಮಾಡಿದೆ, ಬರೆಯುವಾಗ ಒಂದೂ ನೆನಪಾಗೋದಿಲ್ಲ.

ತಿಪಟೂರು ಮೇಷ್ಟ್ರು:

ನೋಡಮ್ಮ, 34 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ. ‘ಆ್ಯಂಗ್ರಿ ಆನ್’ ಬರೆಯದ ಒಂದು ಬ್ಯಾಚನ್ನೂ ನಾನು ಕಂಡಿಲ್ಲ. ಅದು ನಮ್ಮ ಕನ್ನಡದಿಂದ ಬಂದದ್ದು. ನಮಗೆ ಕೋಪ ಬರೋದು ಒಬ್ಬರ ‘ಮೇಲೆ’. ಮುನಿಸು, ಅಕ್ಕರೆ, ಅನುಮಾನ, ಎಲ್ಲವೂ ‘ಮೇಲೆ’ಯೇ. ಆ ‘ಮೇಲೆ’ ಹೋಗಿ ‘ಆನ್’ ಆಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯರಾದರೆ ‘ಆ್ಯಂಗ್ರಿ ವಿತ್’, ವಿಷಯವಾದರೆ ‘ಆ್ಯಂಗ್ರಿ ಅಬೌಟ್’. ಬಯರ್ ಈಸ್ ಆ್ಯಂಗ್ರಿ ವಿತ್ ಅಸ್ ಅಬೌಟ್ ದ ಕಾಲರ್. ಒಂದೇ ವಾಕ್ಯದಲ್ಲಿ ಎರಡೂ ಬಂತು, ಅಲ್ವಾ?

ಇನ್ನು ‘ಸಾರಿ ಫಾರ್ ಯು’. ಮ್ಯಾನೇಜರ್ ಗೆರೆ ಎಳೆದದ್ದು ಸರಿ. ‘ಸಾರಿ ಫಾರ್’ ಆದ ಮೇಲೆ ವ್ಯಕ್ತಿ ಬಂದರೆ ‘ಅಯ್ಯೋ ಪಾಪ’ ಅಂದ ಹಾಗೆ. ಕ್ಷಮೆ ಕೇಳುವಾಗ ಆದ ತಪ್ಪನ್ನು ಹೇಳಬೇಕು: ‘ಸಾರಿ ಅಬೌಟ್ ದ ಸ್ಟಿಚಿಂಗ್’, ‘ಸಾರಿ ಫಾರ್ ದ ಡಿಲೇ’.

ಒಂದೇ ಸೂತ್ರ ಅಂತ ಇಲ್ಲಮ್ಮ. ಆದರೆ ಒಂದು ಮಾತು. ನಾವು ‘ಹಾವಿಗೆ ಹೆದರುತ್ತೇನೆ’ ಅನ್ನುತ್ತೇವೆ. ‘ಹಾವನ್ನು ಹೆದರುತ್ತೇನೆ’ ಅನ್ನೋದಿಲ್ಲ. ಆ ‘ಗೆ’ಯನ್ನು ಯಾರೂ ಹೇಳಿಕೊಡಲಿಲ್ಲ, ಕೇಳಿ ಕೇಳಿ ಬಂತು. ಹಾಗಾಗಿ ಪದವನ್ನು ಬಾಲದ ಸಮೇತ ಕಲಿಯಿರಿ. ‘ಪ್ರೌಡ್’ ಅಲ್ಲ, ‘ಪ್ರೌಡ್ ಆಫ್ ಮೈ ಡಾಟರ್’. ‘ಜೆಲಸ್’ ಅಲ್ಲ, ‘ಜೆಲಸ್ ಆಫ್ ಹರ್ ಸಿಸ್ಟರ್’. ನಿಮ್ಮದೇ ಮನೆಯವರನ್ನು ಸೇರಿಸಿ ಜೋರಾಗಿ ಹೇಳಿ.

ಬಾಲ ಬದಲಾದರೆ ಅರ್ಥವೂ ಬದಲಾಗುತ್ತದೆ, ಅದನ್ನೂ ನೋಡಿ. ‘ಅಫ್ರೇಡ್ ಆಫ್ ಮೈ ಸನ್’ ಅಂದರೆ ಮಗನಿಗೇ ಹೆದರುವ ಅಪ್ಪ. ‘ಅಫ್ರೇಡ್ ಫಾರ್ ಮೈ ಸನ್’ ಅಂದರೆ ಮಗನಿಗೆ ಏನಾದರೂ ಆದೀತು ಅಂತ ಬಾಗಿಲಲ್ಲಿ ಕಾಯುವ ಅಪ್ಪ.

ಲೀಡ್ಸ್‌ನಿಂದ ನರ್ಸ್:

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೆ ‘ಆ್ಯಂಗ್ರಿ ಅಟ್’ ಕೂಡ ತಪ್ಪಲ್ಲ. ಮನುಷ್ಯರಿಗೂ ಬಳಸುತ್ತಾರೆ, ಅಮೆರಿಕದವರಂತೂ ಜಾಸ್ತಿ. ಅಮೆರಿಕದ ಬಯರ್ ಹಾಗೆ ಬರೆದರೆ ಈ ತಂಗಿ ಗಾಬರಿ ಆಗಬಾರದು ಅಂತ ಹೇಳಿದೆ.

ನನಗೆ ಇಲ್ಲಿ ಬಂದ ಮೇಲೆ ಹಿಡಿಸಿದ್ದು ‘ಹ್ಯಾಪಿ ಫಾರ್ ಯು’. ನಾನು ಪರೀಕ್ಷೆ ಪಾಸಾದ ದಿನ ವಾರ್ಡಿನ ಹಿರಿಯ ನರ್ಸ್ ಕೈ ಹಿಡಿದು ಹಾಗೆ ಹೇಳಿದರು. ನಿನಗೆ ಒಳ್ಳೆಯದಾಯಿತು, ಅದಕ್ಕೆ ನನಗೆ ಖುಷಿ ಅಂತ. ‘ಹ್ಯಾಪಿ ವಿತ್ ಯು’ ಅಂದಿದ್ದರೆ ನನ್ನ ಕೆಲಸ ಮೆಚ್ಚಿದರು ಅಂತ ಆಗುತ್ತಿತ್ತು.

ಪೀಣ್ಯದ ಹುಡುಗಿ:

ಮೇಷ್ಟ್ರೇ, ಅಕ್ಕಾ, ತುಂಬಾ ಥ್ಯಾಂಕ್ಸ್. ಮೇಲ್ ತಿದ್ದಿದೆ: ‘ವಿ ಆರ್ ವೆರಿ ಸಾರಿ ಅಬೌಟ್ ದ ಕಾಲರ್ ಸ್ಟಿಚಿಂಗ್.’ ಕೋಪದ ವಾಕ್ಯ ತೆಗೆದೇಬಿಟ್ಟೆ. ಒಂದೇ ಒಂದು ಅನುಮಾನ. ಮುಂದಿನ ಸಾಲು ‘ವಿ ಆರ್ ಅಫ್ರೇಡ್ ಟು ಮಿಸ್ ದ ಡೇಟ್’ ಅಂತ ಇದೆ. ಸರಿನಾ?

ತಿಪಟೂರು ಮೇಷ್ಟ್ರು:

ಇಲ್ಲಮ್ಮ. ‘ಅಫ್ರೇಡ್ ಟು’ ಅಂದರೆ ಒಂದು ಕೆಲಸ ಮಾಡೋಕೆ ಧೈರ್ಯ ಇಲ್ಲ ಅಂತ. ಹಾಗೆ ಆಗಿಬಿಟ್ಟೀತು ಅನ್ನುವ ಭಯಕ್ಕೆ ‘ಅಫ್ರೇಡ್ ಆಫ್ ಮಿಸಿಂಗ್’. ಆಫೀಸಿನ ಮೇಲ್‌ಗೆ ‘ವರೀಡ್ ಅಬೌಟ್ ಮಿಸಿಂಗ್ ದ ಡೇಟ್’ ಇನ್ನೂ ಚೆನ್ನಾಗಿರುತ್ತೆ. ಅದನ್ನೇ ಹಾಕಿ ಕಳಿಸಿ.