ಮ್ಯಾಪ್ ಫೈಲಿನ ‘.ಪಾರ್ಟ್.0’: ಭಾಗ ಅನ್ನಬೇಕೋ, ಉಳಿಕೆ ಅನ್ನಬೇಕೋ?

ನಮಸ್ಕಾರ. ಹಾವೇರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಸಂಜೆ ಹೊತ್ತು ಫರ್ಮ್‌ವೇರ್ (ಚಿಪ್ಪಿನೊಳಗೆ ಕೂತು ಯಂತ್ರ ನಡೆಸುವ ಪ್ರೋಗ್ರಾಂ) ಹೇಳಿಕೊಡುತ್ತೇನೆ. ಕಂಪೈಲರ್ (ನಾವು ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ತಂತ್ರಾಂಶ) ತಾನೇ ಬದಲಿಸಿದ ಫಂಕ್ಷನ್ನುಗಳಿಗೆ ನಾನು ಬಳಸುವ ‘ಉಳಿಕೆ’, ‘ತಳಿ’ ಅನ್ನೋ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬೋರ್ಡ್ ಕ್ರ್ಯಾಶ್ ಆದಾಗ ಕೋಡ್ ಎಲ್ಲಿ ನಿಂತಿತ್ತು ಅನ್ನೋ ವಿಳಾಸ ಸಿಗುತ್ತದೆ. 08003146 ಅಂತಿಟ್ಟುಕೊಳ್ಳಿ. ಲಿಂಕರ್ (ಕೋಡಿನ ತುಂಡುಗಳನ್ನು ಜೋಡಿಸುವ ತಂತ್ರಾಂಶ) ಕೊಟ್ಟ ಮ್ಯಾಪ್ ಫೈಲಿನಲ್ಲಿ, ಅಂದರೆ ಯಾವ ಫಂಕ್ಷನ್ ಯಾವ ವಿಳಾಸದಲ್ಲಿದೆ ಅನ್ನೋ ಪಟ್ಟಿಯಲ್ಲಿ, 08003120ಕ್ಕೆ ಶುರುವಾಗುವ, ಹೆಕ್ಸ್ (16ರ ಲೆಕ್ಕದ) 40 ಬೈಟ್ ಉದ್ದದ ಫಂಕ್ಷನ್ ಇದೆ. ಅಲ್ಲಿಗೆ ನಮ್ಮ ವಿಳಾಸ ಅದರೊಳಗೇ ಬಿತ್ತು. ಇಲ್ಲಿವರೆಗೆ ಸಲೀಸು. ತಕರಾರು ಇರೋದು ಹೆಸರಿನದು: ‘ಪಂಪ್_ಸ್ಟಾರ್ಟ್.ಪಾರ್ಟ್.0’. ನಾವು ಬರೆದ ಕೋಡಿನಲ್ಲಿ ಈ ಹೆಸರೇ ಇಲ್ಲ. ಜಿಸಿಸಿ ಕಂಪೈಲರ್ ತಾನೇ ಹುಟ್ಟಿಸಿದ್ದು.

‘ಭಾಗ 0’ ಅಂತ ಹೇಳಿಕೊಟ್ಟರೆ, “ಸರ, ಭಾಗ ಒಂದು ಎಲ್ಲೈತ್ರಿ?” ಅಂತ ಹುಡುಕುತ್ತಾ ಕೂರುತ್ತಾರೆ. ಅದು ಇರಲೇಬೇಕು ಅಂತೇನಿಲ್ಲ. ಸೊನ್ನೆ ಬರೀ ಕ್ರಮಸಂಖ್ಯೆ. ಫಂಕ್ಷನ್ನಿನ ಬಾಗಿಲಲ್ಲೇ ‘ಪಾಯಿಂಟರ್ (ಡೇಟಾ ಇರುವ ಜಾಗದ ವಿಳಾಸ) ನಲ್, ಅಂದರೆ ಖಾಲಿ, ಇದ್ದರೆ ವಾಪಸ್ ಹೋಗು’ ಅಂತ ಸಣ್ಣ ತಪಾಸಣೆ ಇರುತ್ತದಲ್ಲ, ಕಂಪೈಲರ್ ಅಷ್ಟನ್ನು ಮಾತ್ರ ಕರೆದವರ ಕೋಡಿನೊಳಗೆ ಸೇರಿಸಿಬಿಡುತ್ತದೆ. ಮಿಕ್ಕಿದ್ದಕ್ಕೆ ‘.ಪಾರ್ಟ್’ ಅಂತ ಬಾಲ ಅಂಟಿಸುತ್ತದೆ. ಅದಕ್ಕೇ ನನಗೆ ‘ಉಳಿಕೆ’ ಸರಿ ಅನ್ನಿಸುತ್ತದೆ.

ಜಾಸ್ತಿ ಕಾಡೋದು ‘.ಕಾನ್‌ಸ್ಟ್‌ಪ್ರಾಪ್’ ಮತ್ತು ‘.ಐಸ್ರಾ’ ಅನ್ನೋ ಬಾಲಗಳು. ಒಂದು ಫಂಕ್ಷನ್ನಿಗೆ ಅದನ್ನು ಕರೆಯುವ ಎಲ್ಲರೂ ಟೈಮ್‌ಔಟ್ ಅಂತ 500 ಅನ್ನೇ ಕಳಿಸುತ್ತಿದ್ದರೆ, ಕಂಪೈಲರ್ ಆ 500 ಅನ್ನು ಒಳಗೇ ಬರೆದುಕೊಂಡು, ಆರ್ಗ್ಯುಮೆಂಟನ್ನೇ (ಕರೆಯುವಾಗ ಕಳಿಸುವ ಬೆಲೆ) ಕಿತ್ತುಹಾಕಿ ಬೇರೊಂದು ಫಂಕ್ಷನ್ ಮಾಡುತ್ತದೆ. ಅದು ಕಾನ್‌ಸ್ಟ್‌ಪ್ರಾಪ್. ಐಸ್ರಾದಲ್ಲಿ ಸ್ಟ್ರಕ್ಚರಿನ (ಹಲವು ಬೆಲೆಗಳ ಕಟ್ಟು) ಪಾಯಿಂಟರ್ ಬದಲು ಅದರೊಳಗಿನ ಬೆಲೆಯೇ ನೇರ ಬರಬಹುದು. ಹುಡುಗರು ಆರ್0 ರಿಜಿಸ್ಟರಿನಲ್ಲಿ (ಕರೆದವರು ಕಳಿಸಿದ ಬೆಲೆ ಬಂದು ಕೂರುವ, ಚಿಪ್ಪಿನೊಳಗಿನ ಪುಟ್ಟ ಜಾಗ) 3 ನೋಡಿ “ಪಾಯಿಂಟರ್ ಕೆಟ್ಟೈತ್ರಿ” ಅಂತಾರೆ. ಅಲ್ಲಿ ಪಾಯಿಂಟರೇ ಬಂದಿರೋದಿಲ್ಲ! ಹೆಸರಿನ ಬಾಲ ಓದದೆ ರಿಜಿಸ್ಟರ್ ಓದಿದರೆ ಅರ್ಧ ದಿನ ಸುಮ್ನೆ ಹೋಗುತ್ತದೆ.

ಇಂಥವಕ್ಕೆ ಇಂಗ್ಲಿಷಿನಲ್ಲಿ ಕ್ಲೋನ್ ಅಂತಾರೆ. ಪೇಪರಿನವರ ‘ತದ್ರೂಪಿ’ ಇಲ್ಲಿ ಒಗ್ಗೋದಿಲ್ಲ, ರೂಪ ಬದಲಾಗಿದೆ ಅನ್ನೋದೇ ಇಲ್ಲಿ ಮುಖ್ಯ ಅಲ್ವಾ? ನಾನು ‘ತಳಿ’ ಅನ್ನುತ್ತಿದ್ದೇನೆ. ಬ್ಯಾಡಗಿ ಮೆಣಸಿನಕಾಯಿಯಲ್ಲೇ ಡಬ್ಬಿ ಬೇರೆ, ಕಡ್ಡಿ ಬೇರೆ ಅಂತ ನೋಡಿ ಬೆಳೆದವರಿಗೆ ಇದು ತಟ್ಟನೆ ತಲೆಗೆ ಹತ್ತುತ್ತದೆ. ಒಂದೇ ತೊಡಕು. ತಳಿ ಅಂದರೆ ಮೂಲದ್ದೂ ಎಲ್ಲೋ ಇದೆ ಅಂತ ಅರ್ಥ ಬರುತ್ತದೆ. ಇಲ್ಲಿ ಎಲ್ಲ ಕರೆಗಳೂ ಹೊಸದಕ್ಕೇ ಹೋದರೆ, ಸ್ಟ್ಯಾಟಿಕ್ (ಆ ಒಂದು ಫೈಲಿನೊಳಗೆ ಮಾತ್ರ ಕಾಣುವ) ಫಂಕ್ಷನ್ನಿನ ಮೂಲ ರೂಪ ಮ್ಯಾಪ್‌ನಲ್ಲಿ ಉಳಿಯೋದೇ ಇಲ್ಲ.

ಇದಕ್ಕೆ ಒಪ್ಪುವ ಬೇರೆ ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ‘ಉಳಿಕೆ’ಗೂ ಆಕ್ಷೇಪ ಇದ್ದರೆ ಹೇಳಿ. ಪಾಠದ ಹಾಳೆ ಇನ್ನೂ ಜೆರಾಕ್ಸಿಗೆ ಹೋಗಿಲ್ಲ.